ಕಿಟ್ಟಿ ಮಾವನ ಅರ್ಧ ವಿಮಾನ

ಮೊನ್ನೆ ಕೌನ್ಸಿಲ್ ಚುನಾವಣೆಗೆ ಓಟು ಹಾಕಲು ಅಕ್ಸ್‌ಬ್ರಿಡ್ಜ್‌ನ ಆ ಹಾಲ್‌ಗೇ ಹೋಗಬೇಕಾಯಿತು. ನಮ್ಮ ಬೀದಿಯವರ ಮತಗಟ್ಟೆ ಈ ಸಲ ಅಲ್ಲಿಗೆ ಬದಲಾಗಿದೆ ಎಂದು ಕಾರ್ಡು ಬಂದಾಗಲೇ ಅದನ್ನು ಮೇಜಿನ ಮೇಲೆ ಮಗುಚಿ ಇಟ್ಟಿದ್ದೆ. ಹತ್ತು ವರ್ಷಕ್ಕೂ ಮೀರಿ ಆ ಕಟ್ಟಡವಿರುವ ರಸ್ತೆಯನ್ನು ಬಿಟ್ಟು ಸುತ್ತು ಹಾಕಿಕೊಂಡೇ ಓಡಾಡಿದವಳು ನಾನು. ಬಾಗಿಲು ತಳ್ಳಿದೆ. ಮರದ ನೆಲಕ್ಕೆ ಬಳಿದ ಪಾಲಿಶಿನ ವಾಸನೆ, ಅದರ ಜೊತೆಗೆ ಮೂಲೆಯ ಸ್ಟೀಲ್ ಹಂಡೆಯಲ್ಲಿ ಬೆಳಗಿನಿಂದ ಕುದಿಯುತ್ತಿದ್ದ ಟೀಯ ವಾಸನೆ. ಅಷ್ಟೇ ಸಾಕಾಯಿತು. ಪೆನ್ಸಿಲಿನಲ್ಲಿ ಯಾರ ಹೆಸರಿನ ಮುಂದೆ ಕ್ರಾಸ್ ಹಾಕಿದೆನೋ ಆ ದೇವರಿಗೇ ಗೊತ್ತು. ಮನೆಗೆ ಬಂದು ಗಂಡನಿಗೆ, “ಇನ್ಮೇಲೆ ನಾನು ಪೋಸ್ಟಲ್ ಓಟೇ ಹಾಕೋದು” ಅಂದೆ. ರಘು ಯಾಕೆ ಅಂತ ಕೇಳಲಿಲ್ಲ, ಅವರಿಗೆ ಗೊತ್ತು.

ಅದು ತೊಂಬತ್ತೈದನೇ ಇಸವಿಯ ಬೇಸಿಗೆ. ಆ ವರ್ಷ ಇಂಗ್ಲೆಂಡಿನಲ್ಲಿ ಬಿಸಿಲೆಂದರೆ ಬಿಸಿಲು. ಪಾರ್ಕಿನ ಹುಲ್ಲೆಲ್ಲ ಒಣಗಿ ಹಳದಿಯಾಗಿತ್ತು. ನೀರಿಗೆ ತತ್ವಾರ, ಗಿಡಕ್ಕೆ ನೀರು ಹಾಕಿದರೂ ಪಕ್ಕದ ಮನೆಯವರು ಕರ್ಟನ್ ಸರಿಸಿ ನೋಡುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದು ಐವತ್ತು ವರ್ಷವಾಯಿತೆಂದು ಊರಿಗೆ ಊರೇ ಸಂಭ್ರಮದಲ್ಲಿತ್ತು. ಬೀದಿಗಳಲ್ಲಿ ಬಾವುಟದ ತೋರಣ, ಟಿವಿ ಹಾಕಿದರೆ ಸಾಕು ಹಳೆಯ ಕಪ್ಪು-ಬಿಳುಪು ವಿಮಾನಗಳು, ಕಣ್ಣೊರೆಸಿಕೊಳ್ಳುವ ಮುದುಕರು. ಆ ಬೇಸಿಗೆಯಲ್ಲೇ ಮೈಸೂರಿನಿಂದ ಕಿಟ್ಟಿ ಮಾವ ನಮ್ಮ ಮನೆಗೆ ಬಂದರು.

ಕಿಟ್ಟಿ ಮಾವ ನಮ್ಮಮ್ಮನ ಅಣ್ಣ. ಇಪ್ಪತ್ತು ತುಂಬುವ ಹೊತ್ತಿಗೆ ಯುದ್ಧಕ್ಕೆ ವಿಮಾನ ಹಾರಿಸಲು ಇಂಡಿಯಾದಿಂದ ಇಂಗ್ಲೆಂಡಿಗೆ ಬಂದ ಹುಡುಗರ ತಂಡದಲ್ಲಿ ಅವರೂ ಒಬ್ಬರು. ನಲವತ್ತೊಂದರಲ್ಲಿ ದಕ್ಷಿಣದ ಸಮುದ್ರ ತೀರದಲ್ಲಿ ಹರಿಕೇನ್ ಎಂಬ ಫೈಟರ್ ವಿಮಾನ ಹಾರಿಸುತ್ತಿದ್ದರು. ಅವರ ಲೆಕ್ಕಕ್ಕೆ ಬಿದ್ದ ಶತ್ರು ವಿಮಾನ ಅರ್ಧ. ಹೌದು, ಅರ್ಧವೇ. ಚಿಕ್ಕವರಿದ್ದಾಗ ನಾವೆಲ್ಲ, “ಮಿಕ್ಕರ್ಧ ಎಲ್ಲಿ ಹೋಯ್ತು ಮಾವ, ಹಾರಿಹೋಯ್ತಾ?” ಅಂತ ಕೇಳಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಮೈಸೂರಿನ ನಮ್ಮ ಬೀದಿಯಲ್ಲಿ ಅವರ ಹೆಸರೇ ಅರ್ಧ ವಿಮಾನದ ಕಿಟ್ಟಿ.

ಆಗ ಅಲ್ಲಿ ನಡೆಯುತ್ತಿದ್ದುದೇ ಹಾಗೆ. ಇಬ್ಬರು ಪೈಲಟ್‌ಗಳು ಒಂದೇ ವಿಮಾನಕ್ಕೆ ಗುಂಡು ಹಾರಿಸಿ ಅದು ಬಿದ್ದರೆ ಇಬ್ಬರ ಹೆಸರಿಗೂ ಅರ್ಧರ್ಧ ಬರೆಯುತ್ತಿದ್ದರು. ಹಾರುವಾಗಲೂ ಜೋಡಿಯಾಗಿ ಹಾರುವುದು. ಮುಂದಿನವನು ಲೀಡರ್, ಅವನು ಬೇಟೆಯಾಡುತ್ತಾನೆ. ಹಿಂದಿನವನನ್ನು ‘ನಂಬರ್ ಟೂ’ ಅನ್ನುತ್ತಾರೆ. ಲೀಡರಿನ ಬೆನ್ನು ಕಾಯುವುದೇ ಅವನ ಕೆಲಸ. ಸೂರ್ಯನ ಮರೆಯಿಂದ ಯಾವನು ಎರಗುತ್ತಾನೋ ಅಂತ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಿರಬೇಕು. ಕಾಲರ್ ಉಜ್ಜಿ ಚರ್ಮ ಸುಲಿಯುತ್ತದೆಂದೇ ಅವರೆಲ್ಲ ಕುತ್ತಿಗೆಗೆ ರೇಷ್ಮೆ ಸ್ಕಾರ್ಫ್ ಸುತ್ತಿಕೊಳ್ಳುತ್ತಿದ್ದುದು, ಷೋಕಿಗಲ್ಲ. ಕಿಟ್ಟಿ ಮಾವ ನಂಬರ್ ಟೂ. ಲೀಡರ್ ಲೆನ್ ಎಂಬ ಇಂಗ್ಲಿಷ್ ಹುಡುಗ. ಒಂದು ದಿನ ಹಡಗುಗಳ ಕಾವಲಿಗೆ ಹೋದಾಗ ಜರ್ಮನ್ ಬಾಂಬರ್ ಎದುರಾಯಿತು. ಲೆನ್ ಹೊಡೆದ, ಅವನ ಗುಂಡು ಮುಗಿಯಿತು. ಹರಿಕೇನಿನಲ್ಲಿ ಇದ್ದ ಗುಂಡೇ ಕಾಲು ನಿಮಿಷಕ್ಕೆ ಸಾಲುವಷ್ಟು. ಬಾಂಬರ್ ಇನ್ನೂ ಹಾರುತ್ತಲೇ ಇತ್ತು. ಆಗ ಮಾವ ಮುಂದೆ ಬಂದು ತಮ್ಮ ಗುಂಡನ್ನೂ ಖಾಲಿ ಮಾಡಿದರು. ಬಿತ್ತು. ಇಳಿದ ಮೇಲೆ ವಿಚಾರಿಸಲು ಬಂದ ಆಫೀಸರನಿಗೆ ಲೆನ್ ತಾನಾಗಿಯೇ, “ಅರ್ಧ ನನ್ನದು, ಅರ್ಧ ಕಿಟ್‌ದು” ಅಂದನಂತೆ. ಕಿಟ್ಟಿ ಅನ್ನಲು ಬಾರದೆ ಕಿಟ್ ಅನ್ನುತ್ತಿದ್ದ.

ಊರಿಗೆ ವಾಪಸು ಬಂದಾಗ ಹಾರ ಹಾಕುವವರಿರಲಿ, ಮನೆಯೊಳಗೆ ಮಾತಾಡಿಸುವವರೂ ಇರಲಿಲ್ಲ. ಓರಗೆಯವರು ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದಿದ್ದರು, ಇವರು ಬ್ರಿಟಿಷರ ಪರ ಯುದ್ಧ ಮಾಡಿ ಬಂದಿದ್ದರು. ತಾತ, “ಅವರಿಗೋಸ್ಕರ ಪ್ರಾಣ ಕೊಡೋಕೆ ಹೋಗಿದ್ಯಲ್ಲೋ, ಮಾನ ಬೇಡ್ವೇನೋ” ಅಂದರಂತೆ. ಮಾವ ಮೆಡಲುಗಳನ್ನು ಟ್ರಂಕಿನ ತಳಕ್ಕೆ ಹಾಕಿ ಬಸ್ ಡಿಪೋದಲ್ಲಿ ಕೆಲಸಕ್ಕೆ ಸೇರಿದರು. ಕಾಲ ಸರಿದಂತೆ ಸಿಟ್ಟು ಹೋಗಿ ತಮಾಷೆ ಉಳಿಯಿತು, ತಮಾಷೆಯ ಹಿಂದೆ ಅನುಮಾನವೂ ಹುಟ್ಟಿತು. ಕಿಟ್ಟಿ ವಿಮಾನ ಹಾರಿಸಿದ್ದು ನಿಜವೋ, ಅಥವಾ ಅಲ್ಲೆಲ್ಲೋ ವಿಮಾನ ತೊಳೆದುಕೊಂಡಿದ್ದನೋ? ನೆಂಟರೇ ಹೀಗೆ ಆಡಿಕೊಳ್ಳುತ್ತಿದ್ದರು. ಮೆಡಲ್ ತೋರಿಸಿದರೆ, ಚೋರ್ ಬಜಾರಿನಲ್ಲಿ ಸಿಗುತ್ತೆ ಬಿಡು ಅನ್ನುವವರೂ ಇದ್ದರು.

ಎಂಬತ್ತೊಂಬತ್ತರಲ್ಲಿ ರಘುವಿಗೆ ಇಲ್ಲಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ನಾನು ಹೊರಟು ನಿಂತಾಗ ಮಾವ ಒಂದು ವಿಳಾಸ ಕೊಟ್ಟರು. “ಫೆಲ್ಥಮ್ ಅಂತ ಇದೆ, ಏರ್‌ಪೋರ್ಟ್ ಹತ್ರ. ಅಲ್ಲಿ ನಮ್ಮ ಲೆನ್ ಇದಾನೆ. ಹೋಗಿ ಮಾತಾಡಿಸು. ಒಂಟಿ ಪ್ರಾಣಿ, ಹೆಂಡತಿ ತೀರಿಕೊಂಡಿದಾಳೆ” ಅಂದರು. ನಾನು ಹೋದೆ. ಉದ್ದನೆಯ, ಕೆಂಪು ಮುಖದ, ದೊಡ್ಡ ದನಿಯ ಮುದುಕ. ನನ್ನ ಸೀರೆ ನೋಡಿದ್ದೇ, “ಕಿಟ್‌ನ ತಂಗಿ ಮಗಳು!” ಅಂತ ತಬ್ಬಿಕೊಂಡುಬಿಟ್ಟ. ಅವತ್ತಿನಿಂದ ಆರು ವರ್ಷ ವಾರಕ್ಕೊಮ್ಮೆ ಅವನಿಗೆ ಸಾರು, ಪಲ್ಯ ಕೊಂಡೊಯ್ದಿದ್ದೇನೆ. ಜ್ವರ ಬಂದರೆ ಡಾಕ್ಟರ ಹತ್ತಿರ ಕರೆದೊಯ್ದಿದ್ದೇನೆ. ನನಗೆ ಡ್ರೈವಿಂಗ್ ಕಲಿಸಿದ್ದು ಅವನೇ. ರೌಂಡ್‌ಅಬೌಟಿನಲ್ಲಿ ನಾನು ಅತ್ತರೆ, “ಅಳು, ಆದರೆ ಬ್ರೇಕ್ ಮೇಲಿಂದ ಕಾಲು ತೆಗಿ” ಅನ್ನುತ್ತಿದ್ದ. ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ಆ ಬಾಂಬರಿನ ಕಥೆಯನ್ನು ಎಷ್ಟು ಸಲ ಹೇಳಿದ್ದಾನೋ. ಪೈಲಟ್‌ಗಳೆಲ್ಲ ಹೇಳುವಂತೆ ಎರಡೂ ಅಂಗೈ ಚಾಚಿ, ಬಲಗೈ ತಾನು, ಅದರ ಹಿಂದೆ ಎಡಗೈ ಕಿಟ್. ಆಗೆಲ್ಲ ನಾನು ಅವನನ್ನು ಮನಸ್ಸಿನಲ್ಲೂ ‘ಅವರು’ ಎಂದೇ ಅನ್ನುತ್ತಿದ್ದೆ. ಈಗ ಬರೆಯಲು ಕೂತರೆ ಏಕವಚನವೇ ಬರುತ್ತದೆ, ಬರಲಿ.

ಮಾವ ಬಂದ ದಿನ ಏರ್‌ಪೋರ್ಟಿಗೆ ಲೆನ್ ನಮಗಿಂತ ಮೊದಲೇ ಬಂದು ನಿಂತಿದ್ದ. ಇಬ್ಬರೂ ಮಾತಿಲ್ಲದೆ ಒಬ್ಬರ ಭುಜ ಒಬ್ಬರು ಹಿಡಿದು ನಿಂತಿದ್ದನ್ನು ನೋಡಿ ನನ್ನ ಕಣ್ಣೂ ತುಂಬಿತು. ಅದು ನಾಟಕವೆಂದು ಇವತ್ತಿಗೂ ನಾನು ಹೇಳಲಾರೆ. ಆಮೇಲೆ ದಿನಾ ಮಧ್ಯಾಹ್ನ ನಮ್ಮ ಹಿತ್ತಲಿನ ಸೇಬಿನ ಮರದ ಕೆಳಗೆ ಇಬ್ಬರದೂ ಕುರ್ಚಿ. ಮಜ್ಜಿಗೆ ಕುಡಿಯುತ್ತಾ, ಎಂದೋ ಸತ್ತವರ ಹೆಸರು ಹೇಳುತ್ತಾ ನಗುವುದು.

ಒಂದು ಸಂಜೆ ನನ್ನ ಜೊತೆ ಹುರುಳಿಕಾಯಿ ಬಿಡಿಸುತ್ತಾ ಮಾವ ಹೇಳಿದರು. “ಸುಮಾ, ಒಂದು ಆಸೆ ಇದೆ ಕಣೇ. ನಗಬಾರದು.”

“ಹೇಳಿ ಮಾವ.”

“ಲೆನ್ ಇಲ್ಲಿ ಸ್ಕೂಲು, ಕ್ಲಬ್ಬು ಅಂತ ಹೋಗಿ ಯುದ್ಧದ ವಿಷಯ ಮಾತಾಡ್ತಾನಂತಲ್ಲ. ಅವನು ಜನದ ಮುಂದೆ ನನ್ನ ಹೆಸರು ಹೇಳೋದನ್ನ ಒಂದು ಸಲ ಕೂತು ಕೇಳಬೇಕು. ಊರಲ್ಲಂತೂ ಯಾರೂ ನಂಬಲಿಲ್ಲ. ನಾನು ಹಾರಿಸಿದ್ದನ್ನ ಕಣ್ಣಾರೆ ಕಂಡೋನು ಈ ಭೂಮಿ ಮೇಲೆ ಉಳಿದಿರೋದು ಅವನೊಬ್ಬನೇ. ಅವನು ಹೌದು ಅಂದ್ಬಿಟ್ರೆ ಸಾಕು ನನಗೆ.”

ನಗು ಎಲ್ಲಿಂದ ಬರಬೇಕು? ಚಿಕ್ಕಂದಿನಲ್ಲಿ ನಕ್ಕಿದ್ದೆಲ್ಲ ನೆನಪಾಯಿತು. ಮಾರನೆಯ ದಿನವೇ ಲೆನ್‌ನನ್ನು ಕೇಳಿದೆ. “ಅಯ್ಯೋ, ಈ ಬಿಸಿಲಲ್ಲಿ ಯಾರು ಬರ್ತಾರೆ ಹುಡುಗಿ, ಚಳಿಗಾಲಕ್ಕೆ ಇಟ್ಕೊಂಡಿದಾರೆ” ಅಂದ. ಇನ್ನೊಂದು ಸಲ ಕೇಳಿದಾಗ, ಸೊಂಟ ನೋವು, ನಿಲ್ಲಲಾಗುವುದಿಲ್ಲ, ಈ ವರ್ಷ ಎಲ್ಲ ಬಿಟ್ಟುಬಿಟ್ಟೆ ಅಂದ. ನಾಚಿಕೆ ಇರಬೇಕು ಅಂದುಕೊಂಡೆ. ಸ್ನೇಹಿತನ ಎದುರಿಗೆ ಜಂಬ ಕೊಚ್ಚಿಕೊಂಡ ಹಾಗಾಗುತ್ತದೆಂದು ಇಂಗ್ಲಿಷಿನವರು ಸಂಕೋಚಪಡುತ್ತಾರಲ್ಲ, ಹಾಗೆ. ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು.

ಆಮೇಲೆ ಲೈಬ್ರರಿಯಲ್ಲಿ ಪೋಸ್ಟರ್ ಕಂಡಿತು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಅದೇ ಹಾಲ್. ಶನಿವಾರ ಮಧ್ಯಾಹ್ನ, ವಿಜಯದ ಐವತ್ತನೇ ವರ್ಷದ ನೆನಪಿಗೆ ಭಾಷಣ, ಟೀ. ಭಾಷಣಕಾರನ ಜಾಗದಲ್ಲಿ ಲೆನ್‌ನ ಫೋಟೋ. ನನಗೆ ಖುಷಿಯಾಯಿತು ಅಂದರೆ ನಂಬುತ್ತೀರಾ? ಈ ಮುದುಕ ಸರ್‌ಪ್ರೈಸ್ ಕೊಡಲು ಹೊರಟಿದ್ದಾನೆ, ಕೊನೇ ಗಳಿಗೆಯಲ್ಲಿ ಮಾವನನ್ನು ಕರೆಸುತ್ತಾನೆ ಅಂದುಕೊಂಡೆ. ಶುಕ್ರವಾರದವರೆಗೂ ಕರೆ ಬರಲಿಲ್ಲ. ಹೋಗಲಿ, ನಾವೇ ಸರ್‌ಪ್ರೈಸ್ ಕೊಡೋಣ ಅಂತ ತೀರ್ಮಾನಿಸಿದೆ. ಇಂಗ್ಲಿಷಿನವರು ಅಣ್ಣನ ಮನೆಗೆ ಹೋಗಬೇಕಾದರೂ ಫೋನ್ ಮಾಡಿ ಕೇಳುತ್ತಾರೆ. ನಮ್ಮ ಮೈಸೂರಿನಲ್ಲಿ ಹೇಳದೆ ಕೇಳದೆ ಬಾಗಿಲಲ್ಲಿ ಹೋಗಿ ನಿಲ್ಲುವುದೇ ಪ್ರೀತಿ. ನಾನು ಮೈಸೂರಿನವಳ ಹಾಗೆಯೇ ಮಾಡಿದೆ.

ಶನಿವಾರ ಮಾವ ಬೆಳಿಗ್ಗೆಯೇ ಶೂ ಪಾಲಿಶ್ ಮಾಡಿದರು. ಆ ಸೆಕೆಯಲ್ಲೂ ಉಣ್ಣೆಯ ಕೋಟು, ಟೈ. “ಮೆಡಲ್ ಹಾಕ್ಕೊಳ್ಳಿ ಮಾವ” ಅಂದೆ. “ಬೇಡ್ವೇ, ಅವನು ಹೇಳಿದ ಮೇಲೆ ಮೆಡಲ್ ಯಾಕೆ?” ಅಂದರು. ಎಪ್ಪತ್ತೈದು ವರ್ಷದ ಮನುಷ್ಯ ಮದುವೆ ಗಂಡಿನ ಹಾಗೆ ಕನ್ನಡಿ ನೋಡಿಕೊಂಡರು.

ಹಾಲ್ ತುಂಬಿತ್ತು. ನಾವು ಹೊಕ್ಕಾಗ ಭಾಷಣ ಆಗಲೇ ಶುರುವಾಗಿದ್ದರಿಂದ ಹಿಂದಿನ ಸಾಲಿನಲ್ಲಿ ಕೂತೆವು. ಲೆನ್ ಬ್ಲೇಜರ್ ಹಾಕಿಕೊಂಡು ನೆಟ್ಟಗೆ ನಿಂತಿದ್ದ, ಸೊಂಟ ನೋವಿನ ಸುಳಿವೇ ಇರಲಿಲ್ಲ. ನಮ್ಮ ಬಾಂಬರಿನ ಕಥೆಯೇ ನಡೆಯುತ್ತಿತ್ತು. ಆದರೆ ಏನೋ ಬೇರೆಯಾಗಿತ್ತು. ಮೊದಲು ನನಗೆ ಕಂಡದ್ದು ಅವನ ಕೈ. ಹಾರುತ್ತಿದ್ದದ್ದು ಬಲಗೈ ಮಾತ್ರ.

“ನನ್ನ ಬೆನ್ನಿಗೆ ಒಬ್ಬ ಇಂಡಿಯನ್ ಹುಡುಗ ಇದ್ದ. ಕಿಟ್ ಅಂತ ಕರೀತಿದ್ವಿ” ಅಂದ ಲೆನ್. ಮಾವನ ಬೆನ್ನು ನೆಟ್ಟಗಾಯಿತು. ನನ್ನ ಕೈಯನ್ನು ಮೆಲ್ಲಗೆ ಒತ್ತಿದರು.

“ಸೂರ್ಯನ ಕಡೆಯಿಂದ ಒಂದು ಜರ್ಮನ್ ಫೈಟರ್, ಮೆಸರ್‌ಸ್ಮಿಟ್, ನನ್ನ ಮೇಲೆ ಎರಗಿತು. ನಾನು ನೋಡಲಿಲ್ಲ, ಕಿಟ್ ನೋಡಿದ. ಮಧ್ಯೆ ನುಗ್ಗಿ ನನಗೆ ಬೀಳಬೇಕಾಗಿದ್ದ ಗುಂಡನ್ನ ತಾನು ತಿಂದ.” ಈಗ ಎಡಗೈ ಮೇಲೆದ್ದಿತು. ಒಂದು ಸುತ್ತು ಸುತ್ತಿ ಕೆಳಗೆ, ಕೆಳಗೆ, ಮೇಜಿನವರೆಗೆ ಇಳಿದು ಅಂಗಾತ ಬಿತ್ತು. “ಇಪ್ಪತ್ತೊಂದು ವರ್ಷ. ಸಮುದ್ರ ಅವನನ್ನ ವಾಪಸು ಕೊಡಲೇ ಇಲ್ಲ. ಆ ಸಿಟ್ಟಿಗೆ ನಾನು ಬಾಂಬರನ್ನ ಅಟ್ಟಿಸಿಕೊಂಡು ಹೋಗಿ ಒಬ್ಬನೇ ಹೊಡೆದೆ.”

ಮುಂದಿನ ಸಾಲಿನ ಹೆಂಗಸರು ಕರ್ಚೀಫ್ ತೆಗೆದರು. ನನಗೆ ಒಂದು ಗಳಿಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು, ಮೈಯೆಲ್ಲ ಉರಿಯಿತು. ಅರ್ಧ ವಿಮಾನವನ್ನು ಹೊಡೆದುಕೊಂಡದ್ದು ಹಾಗಿರಲಿ, ಈ ಮನುಷ್ಯ ನನ್ನ ಮಾವನನ್ನೇ ಕೊಂದುಬಿಟ್ಟಿದ್ದ! ಎಷ್ಟು ವರ್ಷದಿಂದ ಎಷ್ಟು ಸಲ ಕೊಂದಿದ್ದನೋ. ಮಾತು ಅಷ್ಟು ಪಳಗಿತ್ತು, ಎಲ್ಲಿ ನಿಲ್ಲಿಸಿದರೆ ಜನ ಅಳುತ್ತಾರೆಂದು ನಾಲಿಗೆಗೆ ತಿಳಿದಿತ್ತು. ನನ್ನ ಅಡುಗೆಮನೆಯಲ್ಲಿ ನನ್ನ ಸಾರು ಉಂಡು ಒಂದು ಕಥೆ, ಇಲ್ಲಿ ಬಂದು ಇನ್ನೊಂದು ಕಥೆ.

ಅಷ್ಟರಲ್ಲಿ ಅಧ್ಯಕ್ಷೆಯ ಕುರ್ಚಿಯಲ್ಲಿದ್ದ, ಬಿಳಿ ಗ್ಲೌಸಿನ ಹಿರಿಯ ಹೆಂಗಸು ಎದ್ದಳು. “ಆ ಧೀರ ಯುವಕನ ನೆನಪಿಗೆ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ” ಅಂದಳು.

ಕುರ್ಚಿಗಳೆಲ್ಲ ಕಿರುಗುಟ್ಟಿದವು, ಹಾಲ್‌ಗೆ ಹಾಲೇ ಎದ್ದಿತು. ನಾನು ಬಾಯಿ ತೆರೆದೆ. “ಸುಳ್ಳು! ಇಲ್ಲೇ ಇದಾರೆ ನೋಡಿ” ಅಂತ ಕಿರುಚಬೇಕಿತ್ತು, ಕಿರುಚುವವಳೇ ಇದ್ದೆ. ಮಾವ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. ಹಿಡಿದುಕೊಂಡೇ ಅವರೂ ಎದ್ದರು. ಕೋಟಿನ ಗುಂಡಿ ಸರಿಮಾಡಿಕೊಂಡು, ಎಲ್ಲರ ಹಾಗೆ ತಲೆ ಬಗ್ಗಿಸಿ, ತಮ್ಮ ಸಾವಿಗೆ ತಾವೇ ಒಂದು ನಿಮಿಷ ಮೌನವಾಗಿ ನಿಂತರು. ಕಿಟಕಿಯ ಹೊರಗೆ ಏರ್‌ಪೋರ್ಟಿನ ಕಡೆ ಇಳಿಯುವ ವಿಮಾನವೊಂದರ ಸದ್ದು ಬಂದು ಹೋಯಿತು. ಬಗ್ಗಿಸಿದ ತಲೆಗಳ ಮೇಲಿಂದ ಲೆನ್ ಕಣ್ಣೆತ್ತಿದ, ನಮ್ಮನ್ನು ಕಂಡ. ಅವನ ಕೆಂಪು ಮುಖ ಸುಣ್ಣದಂತಾಯಿತು.

ಮುಗಿದ ಮೇಲೆ ಟೀ ಹಂಡೆಯ ಹತ್ತಿರ ಎಲ್ಲರೂ ಸೇರಿದರು. ಓಡಿಹೋಗಲು ಅವನಿಗೆ ದಾರಿಯಿರಲಿಲ್ಲ. ಮಾವ ನೇರ ಅವನ ಮುಂದೆ ಹೋಗಿ ನಿಂತರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಕಾಯುತ್ತಿದ್ದರು ಅಷ್ಟೇ. ನಾನೂ ಕಾಯುತ್ತಿದ್ದೆ. ಈಗಲಾದರೂ ಹೇಳುತ್ತಾನೆ, ಹೇಳಲೇಬೇಕು, ಎದುರಿಗೆ ಬಂದವನನ್ನು ಇಲ್ಲ ಅನ್ನಲು ಯಾವ ಮನುಷ್ಯನಿಗೆ ಸಾಧ್ಯ?

ಬಿಳಿ ಗ್ಲೌಸಿನವಳು ಕಪ್ಪು ಹಿಡಿದು ನಗುತ್ತಾ ಬಂದಳು. “ಲೆನ್, ಈ ಮಹನೀಯರು ಯಾರು?”

ಲೆನ್ ಮಾವನನ್ನು ನೋಡಿದ. ಮಾವ ಲೆನ್‌ನನ್ನು ನೋಡಿದರು. ಬಿಸ್ಕತ್ತಿನ ತಟ್ಟೆ ಹಿಡಿದವರು ಪಕ್ಕದಲ್ಲಿ ಹಾದು ಹೋದರು.

“ಇವರಾ? ಈ ನಮ್ಮ ಹುಡುಗಿಯ ಮಾವ” ಅಂದ ಲೆನ್, ನನ್ನ ಕಡೆ ಕೈ ತೋರಿಸಿ. “ಇಂಡಿಯಾದಿಂದ ರಜೆಗೆ ಬಂದಿದ್ದಾರೆ.”

“ಓ, ಎಷ್ಟು ಸಂತೋಷ! ಇಂಗ್ಲೆಂಡಿಗೆ ಇದೇ ಮೊದಲ ಸಲವೇ?” ಅಂತ ಅವಳು ಮಾವನನ್ನು ಕೇಳಿದಳು.

ಮಾವ ಇನ್ನೂ ಲೆನ್‌ನ ಮುಖವನ್ನೇ ನೋಡುತ್ತಿದ್ದರು. ಲೆನ್ ಕಪ್ಪಿನೊಳಗಿನ ಟೀ ನೋಡುತ್ತಿದ್ದ.

“ಹೌದು ಮೇಡಂ” ಅಂದರು ಮಾವ. “ಮೊದಲ ಸಲ.”

ಹೊರಗೆ ಬಂದು ಮನೆಯ ದಾರಿ ಹಿಡಿದಾಗ ನಾನು ರಸ್ತೆ ಅಂತಲೂ ನೋಡದೆ ಜಗಳ ತೆಗೆದೆ. “ಯಾಕೆ ಹಾಗಂದ್ರಿ ಮಾವ? ಅವನ ಸುಳ್ಳಿಗೆ ನೀವೂ ತಾಳ ಹಾಕಿದ್ರಲ್ಲ! ನನ್ನ ಬಾಯಿ ಯಾಕೆ ಮುಚ್ಚಿಸಿದ್ರಿ?”

“ಏನು ಹೇಳಬೇಕಿತ್ತು ಹೇಳು” ಅಂದರು ಮಾವ. “ನಾನೇ ಕಣ್ರಪ್ಪ ಅವನು, ನಾನೇ ಕಣ್ರಮ್ಮ ಅಂತ ಕೂಗಬೇಕಿತ್ತಾ? ಐವತ್ತು ವರ್ಷ ಮೈಸೂರಲ್ಲಿ ಕೂಗಿದೀನಿ. ಅವನೇ ಇಲ್ಲ ಅಂದ ಮೇಲೆ ಹೌದು ಅನ್ನೋರು ಯಾರಿದಾರೆ ನನಗೆ?”

ಒಣಗಿದ ಹುಲ್ಲಿನ ಪಕ್ಕ ಅವರು ನಿಧಾನವಾಗಿ ನಡೆದರು. ಆ ಉಣ್ಣೆ ಕೋಟನ್ನು ಬಿಚ್ಚಿ ಎಂದರೂ ಬಿಚ್ಚಲಿಲ್ಲ.

ಮರುದಿನ ಬೆಳಿಗ್ಗೆ ಬೆಲ್ ಆಯಿತು. ನಾನು ಹೋಗುವಷ್ಟರಲ್ಲಿ ಮಾವನೇ ಬಾಗಿಲು ತೆಗೆದಿದ್ದರು. ಲೆನ್ ಕೈಯಲ್ಲಿ ಪ್ಲಮ್ ಹಣ್ಣಿನ ಚೀಲ ಹಿಡಿದು ನಿಂತಿದ್ದ. ಒಳಗೆ ಬಾ ಅಂತ ಯಾರೂ ಅನ್ನಲಿಲ್ಲ.

“ಮೊದಮೊದಲು ನಿಜಾನೇ ಹೇಳ್ತಿದ್ದೆ ಕಿಟ್” ಅಂದ. “ಇಂಡಿಯನ್ ಅಂದ ಕೂಡಲೇ ನಗ್ತಿದ್ರು. ಪೈಲಟ್ ಅಲ್ಲ, ಮೆಕ್ಯಾನಿಕ್ ಇರಬೇಕು ಅಂತಿದ್ರು. ನಿನಗೆ ವಯಸ್ಸಾಯ್ತು ಲೆನ್, ನೆನಪು ಕಲಸಿಕೊಂಡಿದೆ ಅಂತಿದ್ರು. ಒಂದಿನ ಅವನು ಸತ್ತ ಅಂದೆ. ಹೇಗೆ ಬಾಯಿಗೆ ಬಂತೋ. ಯಾರೂ ನಗಲಿಲ್ಲ. ಎದ್ದು ನಿಂತರು. ನಿನಗೆ ಮರ್ಯಾದೆ ಸಿಗೋಕೆ ಬೇರೆ ದಾರಿ ಇರಲಿಲ್ಲ, ನನ್ನನ್ನ ನಂಬು.”

“ಬಾಂಬರ್?” ಅಂತ ನಾನು ಹಿಂದಿನಿಂದ ಕೇಳಿದೆ. “ಅದನ್ನ ಪೂರ್ತಿ ನುಂಗಿದ್ದೂ ಅವರ ಮರ್ಯಾದೆಗೇನಾ?”

ಅವನು ಪ್ಲಮ್ ಚೀಲವನ್ನು ಮೆಟ್ಟಿಲ ಮೇಲೆ ಇಟ್ಟ.

ಮಾವ ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದರು. “ನಾನಿಲ್ಲದ ಕಡೆ ನನ್ನನ್ನ ಸಾಯಿಸಿದೆ, ಆಯ್ತು” ಅಂದರು. “ಜನ ನಗ್ತಿದ್ರು ಅಂತೀಯ, ಅದನ್ನೂ ನಂಬ್ತೀನಿ, ನನ್ನನ್ನ ನೋಡಿಯೂ ನಕ್ಕಿದಾರೆ. ಆದರೆ ನಿನ್ನೆ ನಾನು ಎದುರಿಗೇ ನಿಂತಿದ್ದೆನಲ್ಲ ಲೆನ್. ಟೈ ಕಟ್ಟಿಕೊಂಡು ನಿಂತಿದ್ದೆ.”

ಲೆನ್ ಏನೋ ಹೇಳಲು ಹೋದ. ಮಾವ, “ಗುಡ್ ಬೈ” ಎಂದು ಮರ್ಯಾದೆಯಿಂದಲೇ ಅಂದು ಬಾಗಿಲು ಹಾಕಿದರು. ಪ್ಲಮ್ ಚೀಲ ಸಂಜೆಯವರೆಗೂ ಮೆಟ್ಟಿಲ ಮೇಲೇ ಇತ್ತು. ಆಮೇಲೆ ನಾನೇ ಎತ್ತಿ ಬಿನ್‌ಗೆ ಹಾಕಿದೆ. ಹಣ್ಣು ಎಸೆದರೆ ಪಾಪ ಅನ್ನುವ ಮನೆಯಲ್ಲಿ ಬೆಳೆದವಳು, ಅವತ್ತು ಪಾಪ ಅನ್ನಿಸಲಿಲ್ಲ. ಮಾವ ಟಿಕೆಟ್ ಬದಲಾಯಿಸಿಕೊಂಡು ಆ ವಾರವೇ ಹೊರಟರು. ಹೋಗುವ ತನಕ ಹಿತ್ತಲಿಗೆ ಕಾಲಿಡಲಿಲ್ಲ.

ಮೈಸೂರಿನಲ್ಲಿ ಅವರು ಆಮೇಲೆ ಯುದ್ಧದ ಮಾತೆತ್ತಲೇ ಇಲ್ಲವಂತೆ. ಮಕ್ಕಳು, ಮೊಮ್ಮಕ್ಕಳು ಕೆಣಕಿದರೆ, “ಏನೂ ಇಲ್ಲ ಬಿಡ್ರೋ, ಸುಮ್ನೆ ಹೇಳ್ತಿದ್ದೆ” ಅನ್ನುತ್ತಿದ್ದರಂತೆ. ಅಮ್ಮ ಫೋನಿನಲ್ಲಿ ಇದನ್ನು ಹೇಳಿದಾಗ ನಾನು ಅತ್ತೆ. ನೆಂಟರು ಇಷ್ಟು ವರ್ಷ ಮಾಡಲಾಗದ್ದನ್ನು ಲೆನ್ ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದ್ದ. ನಾನು ಫೆಲ್ಥಮ್ ಕಡೆ ಹೋಗುವುದನ್ನೇ ಬಿಟ್ಟೆ. ಅವನು ಫೋನ್ ಮಾಡುತ್ತಿದ್ದ, ನಾನು ಎತ್ತುತ್ತಿರಲಿಲ್ಲ.

ಎರಡು ಸಾವಿರದ ಎರಡರಲ್ಲಿ ಕಿಟ್ಟಿ ಮಾವ ನಿದ್ದೆಯಲ್ಲೇ ಹೋದರು. ಲೆನ್‌ಗೆ ಹೇಳಬೇಕೇ ಬೇಡವೇ ಅಂತ ಒದ್ದಾಡಿ, ಕೊನೆಗೆ ಸಾವಿನ ಸುದ್ದಿಯನ್ನು ಬಚ್ಚಿಡಬಾರದು ಅಂತ ಹೋದೆ. ಬಾಗಿಲು ತೆರೆದವನು ಕುಗ್ಗಿ ಹೋಗಿದ್ದ, ಊರುಗೋಲು ಬಂದಿತ್ತು. ಬ್ಲೇಜರ್ ಹಾಕಿಕೊಂಡು ಎಲ್ಲಿಗೋ ಹೊರಟು ನಿಂತಿದ್ದ. ಬಾಗಿಲಲ್ಲೇ ನಿಂತು ಹೇಳಿದೆ. ಕನ್ನಡಕ ತೆಗೆದು ಬಿಕ್ಕಿ ಬಿಕ್ಕಿ ಅತ್ತ. ಅದೂ ನಿಜವಾದ ಅಳುವೇ. ಒಳಗೆ ಬಾ ಅಂದ, ನಾನು ಹೋಗಲಿಲ್ಲ. ಅಷ್ಟರಲ್ಲಿ ಅವನನ್ನು ಕರೆದೊಯ್ಯಲು ಯಾವುದೋ ಸ್ಕೂಲಿನವರ ಕಾರು ಬಂತು. ಮುಖ ಒರೆಸಿಕೊಂಡು ಅದರಲ್ಲಿ ಹತ್ತಿ ಹೋದ. ಆ ಸಂಜೆಯ ಭಾಷಣದಲ್ಲಿ ಅವನು ಒಂದು ಮಾತನ್ನೂ ಬದಲಿಸಬೇಕಾಗಿರಲಿಲ್ಲ.